ಕಾಂಚಳಿಯ ಎಡಬದಿಯ ಕನ್ನಡಿಗಳು

ನಮ್ಮ ಜಿಲ್ಲೆಯಲ್ಲಿ ಸರಕಾರದ ಯಾವ ಯೋಜನೆ ಶುರುವಾಗಬೇಕಾದರೂ ಮೊದಲು ಲಂಬಾಣಿ ಹೆಂಗಸರು ಕುಣಿಯಬೇಕು. ನಲ್ಲಿ ನೀರಿನ ಉದ್ಘಾಟನೆ ಇರಲಿ, ಮತದಾನದ ಜಾಗೃತಿ ಇರಲಿ, ದೊಡ್ಡವರ ಕಾರು ಬಂದು ನಿಲ್ಲುವ ಹೊತ್ತಿಗೆ ಗೇಟಿನ ಎರಡೂ ಬದಿ ಕೆಂಪು ಫೇಟಿಯಾ ಉಟ್ಟು, ಕನ್ನಡಿಯ ಕಾಂಚಳಿ ತೊಟ್ಟು, ತೋಳಿನ ತುಂಬ ಬಿಳಿ ಬಳೆ ಹಾಕಿಕೊಂಡ ಹತ್ತು ಹೆಂಗಸರು ನಿಂತಿರಬೇಕು. ಫೇಟಿಯಾ ಅಂದರೆ ಅವರ ದೊಡ್ಡ ಘೇರಿನ ಲಂಗ, ಕಾಂಚಳಿ ಅಂದರೆ ಕಸೂತಿ ಹಾಕಿ ಕನ್ನಡಿ ಕೂರಿಸಿದ ರವಿಕೆ. ಆ ನಲ್ಲಿ ಅವರ ತಾಂಡಾಕ್ಕೆ ಬರುತ್ತದೋ ಇಲ್ಲವೋ, ಅದು ಬೇರೆ ಮಾತು. ಕುಣಿತ ಮುಗಿದ ಮೇಲೆ ಒಂದೊಂದು ಪೊಟ್ಟಣ ಉಪ್ಪಿಟ್ಟು ಕೊಟ್ಟು, ಬಂದ ಟೆಂಪೋದಲ್ಲೇ ಹತ್ತಿಸಿ ಕಳಿಸಿದರೆ ಬುಡಕಟ್ಟು ಸಂಸ್ಕೃತಿಗೆ ಗೌರವ ಸಲ್ಲಿಸಿದಂತಾಯಿತು. ಆ ಟೆಂಪೋ ಗೊತ್ತು ಮಾಡಿ ಹೆಂಗಸರನ್ನು ಕೂಡಿಸಿಕೊಂಡು ಬರುವ ಕೆಲಸ ಬಹಳ ಸಲ ನನ್ನ ಕೊರಳಿಗೇ ಬೀಳುತ್ತಿತ್ತು. ನಾನು ನರ್ಸು.

ಊರವರ ಬಾಯಲ್ಲಿ ನರ್ಸಬಾಯಿ. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಗುಡ್ಡದ ಬುಡದಲ್ಲಿ ನನ್ನ ಉಪಕೇಂದ್ರ. ಒಂದು ಕೋಣೆ, ಒಂದು ಕಾಟು, ತೂಕದ ಮಷೀನು, ಮೂಲೆಯಲ್ಲಿ ಹಿಂದಿನ ಯೋಜನೆಗಳ ಬ್ಯಾನರಿನ ಸುರುಳಿಗಳು. ನಾಲ್ಕು ಹಳ್ಳಿ ಮತ್ತು ಒಂದು ತಾಂಡಾ ನನ್ನ ಪಾಲಿನವು. ತವರು ಹಿರೇಹಂದಿಗೋಳ, ಹೊಲಮನೆ ಇದ್ದ ಒಕ್ಕಲುತನದ ಮಂದಿ. ಕೊಟ್ಟ ಮನೆ ಬೆಟಗೇರಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಗದಗಿನ ಪಕ್ಕ ಬಿಂಕದಕಟ್ಟಿ ಕಡೆ ಒಂದು ಜಾಗ ಖಾಲಿಯಾದರೆ ಅಲ್ಲಿಗೆ ವರ್ಗ ಮಾಡಿಸಿಕೊಳ್ಳೋಣ ಎಂದು ನಾಲ್ಕು ವರ್ಷದಿಂದ ಅರ್ಜಿ ಹಾಕಿಕೊಂಡು ಕೂತಿದ್ದೆ. ಈ ಅರ್ಜಿಯ ಮಾತು ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸಣ್ಣವಳಿದ್ದಾಗ ನಮ್ಮ ಮನೆ ಬಾಗಿಲಿಗೆ ಸೀತಾಫಲದ ಬುಟ್ಟಿ ಹೊತ್ತ ಲಂಬಾಣಿ ಹೆಂಗಸರು ಬರುತ್ತಿದ್ದರು. ನಮ್ಮವ್ವ ಒಳ್ಳೆಯವಳು. ಹಣ್ಣು ತಗೊಂಡು ಜೋಳ ಕೊಡುತ್ತಿದ್ದಳು, ಬಿಸಿಲಾಗಿದೆ, ನೀರು ಕುಡಿದು ಹೋಗು ಎನ್ನುತ್ತಿದ್ದಳು. ನೀರನ್ನು ಮಾತ್ರ ಎತ್ತರದಿಂದ ಅವರ ಬೊಗಸೆಗೆ ಸುರಿಯುತ್ತಿದ್ದಳು. ನಾನು ನರ್ಸಿಂಗ್ ಓದಿದವಳು, ಅಂಥದ್ದೆಲ್ಲ ನನ್ನಲ್ಲಿ ಇಲ್ಲವೇ ಇಲ್ಲ ಎಂದು ನನಗೆ ಬಹಳ ಹೆಮ್ಮೆಯಿತ್ತು. ತಾಂಡಾದಲ್ಲಿ ಯಾರಾದರೂ ಚಹಾ ತಂದರೆ "ಈಗರ ಕುಡದ ಬಂದೀನವಾ, ಸಕ್ರಿ ಬ್ಯಾರೆ ಬಿಟ್ಟೀನಿ" ಎಂದು ನಗುತ್ತಿದ್ದೆ. ಉಳಿದ ನಾಲ್ಕು ಹಳ್ಳಿಗಳಲ್ಲಿ ನಾನು ಸಕ್ಕರೆ ಬಿಟ್ಟಿರಲಿಲ್ಲ.

ಇರಲಿ. ಕ್ಯಾನ್ಸರ್ ಬಂತು, ಅಂದರೆ ಅದರ ಯೋಜನೆ ಬಂತು. ಗದಗಿನಲ್ಲಿ ನಮಗೆ ಒಂದು ದಿನದ ತರಬೇತಿ. ಮೇಜಿನ ಮೇಲೆ ರಬ್ಬರಿನ ಒಂದು ಸ್ತನ ಇಟ್ಟಿದ್ದರು, ಒಳಗೆ ಅವರೇ ಇಟ್ಟ ಗಂಟು. ಎಲ್ಲರೂ ಸಾಲಾಗಿ ನಿಂತು, ಒಬ್ಬೊಬ್ಬರೇ ಬೆರಳಿಟ್ಟು ಒತ್ತಿ "ಸಿಕ್ತರಿ ಸರ್" ಅನ್ನಬೇಕು. ನನ್ನ ಸರದಿ ಬರುವಷ್ಟರಲ್ಲಿ ಗಂಟು ಯಾವ ಮೂಲೆಯಲ್ಲಿದೆ ಎಂದು ಮುಂದಿನವರೆಲ್ಲ ಹೇಳಿಬಿಟ್ಟಿದ್ದರು. ನಾನೂ ಅಲ್ಲೇ ಬೆರಳಿಟ್ಟು "ಸಿಕ್ತರಿ" ಅಂದೆ. ಊಟ ಚೆನ್ನಾಗಿತ್ತು, ಬದನೆಕಾಯಿ ಎಣ್ಣೆಗಾಯಿ ಮಾಡಿಸಿದ್ದರು. ಸಂಜೆ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು.

ಆಮೇಲೆ ಫೋನಿಗೆ ಆ್ಯಪ್ ಬಂತು. ಮೂವತ್ತು ದಾಟಿದ ಪ್ರತಿ ಹೆಂಗಸಿನ ಹೆಸರಿನ ಮುಂದೆ ಮೂರು ಬೂದು ಚೌಕ: ಬಾಯಿ, ಎದೆ, ಗರ್ಭಕೋಶದ ಬಾಯಿ. ನೋಡಿದ ಮೇಲೆ ಒತ್ತಿದರೆ ಚೌಕ ಹಸಿರಾಗುತ್ತದೆ. ಬೂದು ಉಳಿದರೆ ಪ್ರತಿ ಸೋಮವಾರ ತಾಲೂಕಿನಿಂದ ಫೋನು. "ಏನ್ರೀ ಸಿಸ್ಟರ್, ನಿಮ್ಮ ತಾಂಡಾ ಇನ್ನೂ ಬೂದೀನ ಐತಲ್ರೀ." ನೀತಿ ಮಾಡಿದವರು ಬಹಳ ತಿಳಿದವರು. ಹೆಂಗಸರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮನೆಯಲ್ಲಿ ಕೂತು ನರ್ಸಿನ ದಾರಿ ಕಾಯುತ್ತಿರುತ್ತಾರೆ ಎಂದು ಅವರಿಗೆ ಹೇಗೋ ಗೊತ್ತಾಗಿತ್ತು. ನಮ್ಮ ತಾಂಡಾದ ಹೆಂಗಸರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅವರು ಏಳು ಗಂಟೆಗೇ ಟಂಟಂ ಆಟೋ ಹತ್ತಿ ಲಕ್ಷ್ಮೇಶ್ವರ, ಶಿಗ್ಲಿ ಕಡೆ ಮೆಣಸಿನಕಾಯಿ ಬಿಡಿಸಲು, ಉಳ್ಳಾಗಡ್ಡಿ ಕೀಳಲು ಹೋಗಿಬಿಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಕಬ್ಬಿನ ಹಂಗಾಮು ಬಂತೆಂದರೆ ಅರ್ಧ ತಾಂಡಾವೇ ಗಂಟುಮೂಟೆ ಕಟ್ಟಿಕೊಂಡು ಹೋಗಿರುತ್ತಿತ್ತು.

ನಾನೇನು ಕಡಿಮೆಯವಳೇ? ಮೊದಲ ಬಸ್ಸಿಗೆ ಹೋಗಿ ಟಂಟಂ ನಿಲ್ಲುವ ಜಾಗದಲ್ಲೇ ಫೋನು ಹಿಡಿದು ನಿಂತೆ. ಹೆಂಗಸರು ಬುತ್ತಿಗಂಟು ಹಿಡಿದು ಗಾಡಿ ಹತ್ತುತ್ತಿದ್ದಾರೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಮೈದುನ ಮಾವಂದಿರು ಎದುರಿಗೇ ಹಲ್ಲುಜ್ಜುತ್ತ ನಿಂತಿದ್ದಾರೆ, ನಾನು ಒಬ್ಬೊಬ್ಬಳನ್ನೇ ಕೇಳುತ್ತಿದ್ದೇನೆ: "ಎದಿಯಾಗ ಗಂಟು ಗಿಂಟು ಐತೇನ ನಿನಗ?" ಯಾವ ಹೆಂಗಸಾದರೂ ಅಲ್ಲಿ ನಿಂತು ಹೌದು ಅಂದಾಳೇ? "ಇಲ್ಲ" ಅಂದರು. ಹಸಿರು. "ಇಲ್ಲ." ಹಸಿರು. ಎರಡು ಮುಂಜಾನೆಯಲ್ಲಿ ತಾಂಡಾ ಶ್ರಾವಣದ ಗುಡ್ಡದ ಹಾಗೆ ಹಸಿರಾಯಿತು. ಸೋಮವಾರ ತಾಲೂಕಿನಿಂದ ಶಭಾಷ್ ಬಂತು.

ಕೂಲಿಗೆ ಹೋಗದೆ ಉಳಿದವಳು ಒಬ್ಬಳೇ. ಐವತ್ತೈದು ದಾಟಿರಬಹುದು. ತಾಂಡಾದವರೆಲ್ಲ ಅವಳನ್ನು ಯಾಡಿ ಎನ್ನುತ್ತಿದ್ದರು, ಅವರ ಮಾತಿನಲ್ಲಿ ಯಾಡಿ ಅಂದರೆ ತಾಯಿ. ನಾನೂ ಹಾಗೇ ಕರೆಯುತ್ತಿದ್ದೆ. ಹರೆಯದವರು ಸೀರೆಗೆ, ನೈಟಿಗೆ ಇಳಿದಿದ್ದರೂ ಅವಳು ಹಳೆಯ ವೇಷ ಬಿಟ್ಟಿರಲಿಲ್ಲ. ಮೊಣಕೈ ಮೇಲಿಂದ ಭುಜದವರೆಗೆ ಎಲುಬಿನ ಬಿಳಿ ಬಳೆ. ಮದುವೆಯಲ್ಲಿ ಏರಿದ ಆ ಬಳೆ ಗಂಡ ಸತ್ತ ದಿನವೇ ಇಳಿಯಬೇಕು, ಅಲ್ಲಿಯವರೆಗೆ ಇಳಿಯುವಂತಿಲ್ಲ. ಅವಳ ಗಂಡ ಆಡು ಕಾಯುವ ಮುದುಕ, ಮಾತು ಕಮ್ಮಿ, ಬೀಡಿ ಜಾಸ್ತಿ. ಅವಳು ಮನೆಯ ಕಟ್ಟೆಯ ಮೇಲೆ ಕೂತು ಬಟ್ಟೆಗೆ ಕನ್ನಡಿ ಕೂರಿಸುತ್ತಿದ್ದಳು. ನಾನು ಕಟ್ಟೆಯ ಕೆಳಗೇ ನಿಂತು ಕೇಳಿದೆ.

"ಯಾಡಿ, ಎದಿಯಾಗ ಏನರ ಗಂಟು ಐತೇನ?"

ಅವಳು ಸೂಜಿ ನಿಲ್ಲಿಸಿ ಒಂದು ಗಳಿಗೆ ನನ್ನ ಮುಖ ನೋಡಿದಳು. "ಇಲ್ಲ ಬಾಯಿ. ಚಾ ಕುಡೀತಿ?"

"ಸಕ್ರಿ ಬಿಟ್ಟೀನಿ ಯಾಡಿ" ಎಂದು ಹಸಿರು ಒತ್ತಿದೆ.

ಅದಾದ ಕೆಲವು ತಿಂಗಳಿಗೆ ಗದಗಿನಲ್ಲಿ ಕ್ಯಾನ್ಸರ್ ಜಾಗೃತಿ ಕಾರ್ಯಕ್ರಮ. ಕ್ಯಾನ್ಸರಿಗೂ ಲಂಬಾಣಿ ಕುಣಿತಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ನಾನೂ ಕೇಳಲಿಲ್ಲ. ಟೆಂಪೋ ಗೊತ್ತು ಮಾಡಿದೆ. ಹಾಡು ಹೇಳಿ ಕುಣಿಸುವವಳು ಯಾಡಿಯೇ. ಆ ದಿನ ಅವಳು ತೊಟ್ಟ ಕಾಂಚಳಿ ನೋಡಿ ನಾನು ಬೆರಗಾದೆ. ಎಡಬದಿಯಲ್ಲಿ ಹೊಸದಾಗಿ ಒಂದು ದಪ್ಪ ಪಟ್ಟಿ ಕೂಡಿಸಿದ್ದಳು. ಕೆಂಪು ಹಳದಿ ದಾರ, ಒತ್ತೊತ್ತಾಗಿ ಕನ್ನಡಿ, ಅಂಚಿಗೆ ಕವಡೆ. ಬಲಬದಿಯಲ್ಲಿ ಇದ್ದದ್ದರ ಎರಡು ಪಟ್ಟು ಕೆಲಸ.

"ಏನ ಚಂದ ಹಾಕೀಯ ಯಾಡಿ! ಈ ಕಡೇನೂ ಹಂಗ ಹಾಕಬೇಕಿತ್ತಲಾ?" ಅಂದೆ.

"ಈ ಕಡಿ ಬ್ಯಾಡ" ಎಂದು ನಕ್ಕಳು. ನಾನು ಅವಳನ್ನು ಬ್ಯಾನರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದು ನಮ್ಮ ನರ್ಸುಗಳ ಗುಂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ತೋರಿಸಿದರು.

ವೇದಿಕೆಯ ಮೇಲೆ ದೊಡ್ಡವರೊಬ್ಬರು ಬುಡಕಟ್ಟು ಮಹಿಳೆಯೇ ನಮ್ಮ ಆರೋಗ್ಯ ನೀತಿಯ ಕೇಂದ್ರಬಿಂದು ಅಂದರು. ಖರೆ ಮಾತು. ಆ ಹೊತ್ತಿಗೆ ಮೈದಾನದ ನಟ್ಟನಡುವೆ ಬಿಸಿಲಲ್ಲಿ ನಿಂತವರು ಇವರೇ ಹತ್ತು ಜನ. ಉಳಿದವರೆಲ್ಲ ಶಾಮಿಯಾನದ ನೆರಳಿನಲ್ಲಿದ್ದರು. ಹಿಂದುಗಡೆ ತಪಾಸಣೆಯ ಡೇರೆ ಹಾಕಿದ್ದರು, ಒಳಗೆ ಲೇಡಿ ಡಾಕ್ಟರ್ ಕೂತಿದ್ದರು. ಭಾಷಣ ಮುಗಿದ ಮೇಲೆ ನಮ್ಮ ಹೆಂಗಸರಲ್ಲಿ ಇಬ್ಬರು ಮೂವರು ಆ ಕಡೆ ಹೋದರು. ಯಾಡಿಯೂ ಹೋದಳು. ಬಾಗಿಲಲ್ಲಿ ಪಟ್ಟಿ ಹಿಡಿದು ಕೂತ ಗುಮಾಸ್ತ ತಡೆದ.

"ಇವ್ರು ಕಲಾತಂಡದವ್ರಲ್ರೀ? ಫಲಾನುಭವಿಗಳ ಪಟ್ಟಿ ಬ್ಯಾರೆ ಐತಿ. ಸಿಸ್ಟರ್, ಇವರ್ನ ಕರಕೊಂಡ ಹೋಗ್ರಿ, ಟೆಂಪೋದಂವಾ ಒದರಾಕ ಹತ್ಯಾನ."

ನಾನು ಏನು ಮಾಡಬೇಕಿತ್ತು? ಜಗಳ ತೆಗೆಯಬೇಕಿತ್ತು. ನನಗೆ ಜಗಳ ಬಾರದು ಎಂದು ಯಾರೂ ಹೇಳಲಾರರು, ಬಸ್ಸಿನ ಕಂಡಕ್ಟರುಗಳನ್ನು ಕೇಳಿ ನೋಡಿ. ಆದರೆ ಆ ದಿನ "ನಡೀರಿ ನಡೀರಿ, ಹೆಂಗೂ ನಿಮ್ದೆಲ್ಲಾ ನೋಡಿ ಆಗೇತಿ" ಎಂದು ನಾನೇ ಅವರನ್ನು ಟೆಂಪೋಗೆ ತುಂಬಿದೆ. ಉಪ್ಪಿಟ್ಟಿನ ಪೊಟ್ಟಣ ಹಂಚಿದೆ.

ಎಳ್ಳ ಅಮಾಸಿ ಕಳೆದ ಮೇಲೆ ಒಂದು ಮಧ್ಯಾಹ್ನ ಯಾಡಿಯ ಸೊಸೆ ಉಪಕೇಂದ್ರಕ್ಕೆ ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಏನನ್ನೋ ಸುತ್ತಿ ತಂದಿದ್ದಳು.

"ಅತ್ತಿ ತನ್ನ ಕಾಂಚಳಿ ಯಾರಿಗೂ ಒಗ್ಯಾಕ ಕೊಡೂದಿಲ್ರೀ. ತಾನ ಹಳ್ಳಕ್ಕ ಹೋಗಿ ಒಗಕೊಂಡ ಬರ್ತಾಳ. ಕೇಳಿದ್ರ ಸಿಟ್ಟಿಗೇಳ್ತಾಳ. ಇವತ್ತ ಕದ್ದ ತಂದೀನಿ, ನೀವ ನೋಡ್ರಿ."

ಬಿಚ್ಚಿದೆ. ಅದೇ ಕಾಂಚಳಿ, ನಾನು ಹೊಗಳಿದ ಅದೇ ಪಟ್ಟಿ. ಒಳಮೈ ತಿರುಗಿಸಿದೆ. ಕನ್ನಡಿಗಳ ಹಿಂದೆ ಹತ್ತಿ, ಹತ್ತಿಯ ಹಿಂದೆ ಹಳೆಯ ಸೀರೆಯ ಮಡಿಕೆ, ಮಡಿಕೆಯ ಮೇಲೆ ಒಣಗಿದ ರಕ್ತ, ಕೀವು. ವಾಸನೆಗೆ ಸೊಸೆ ಮುಖ ತಿರುಗಿಸಿದಳು. ಸೋರುವುದು ಹೊರಗೆ ಕಾಣಬಾರದೆಂದು ಆ ಹೆಂಗಸು ಪಟ್ಟಿ ದಪ್ಪ ಮಾಡಿದ್ದಳು. ಪಟ್ಟಿ ದಪ್ಪ ಮಾಡಿದ್ದು ಕಾಣಬಾರದೆಂದು ಮೇಲೆ ಅಷ್ಟು ಕನ್ನಡಿ ಕೂರಿಸಿದ್ದಳು. ಫೋನು ತೆಗೆದು ಆ ಫೋಟೋ ನೋಡಿದೆ. ನರ್ಸಿಂಗ್ ಓದಿದ ನಾನು ಆ ಕನ್ನಡಿಗಳ ಮುಂದೆ ನಿಂತು ಏನ ಚಂದ ಹಾಕೀಯ ಅಂದಿದ್ದೆ.

ಅವತ್ತೇ ತಾಂಡಾಕ್ಕೆ ಹೋದೆ. ಸೊಸೆ ಬಾಗಿಲು ಹಾಕಿದಳು. ಯಾಡಿ ಮೊದಲು ಬೈದಳು, ಆಮೇಲೆ ತೊಟ್ಟಿದ್ದ ಇನ್ನೊಂದು ಕಾಂಚಳಿಯ ಕಸಿ ಬಿಚ್ಚಿದಳು. ರಬ್ಬರಿನ ಸ್ತನದಲ್ಲಿ ಗಂಟನ್ನು ಹುಡುಕಬೇಕಿತ್ತು. ಇಲ್ಲಿ ಹುಡುಕುವುದೇನೂ ಉಳಿದಿರಲಿಲ್ಲ. ಹುಣ್ಣು ಬಾಯಿ ತೆರೆದಿತ್ತು, ಕಂಕುಳಲ್ಲಿ ಗಂಟು, ಎಡತೋಳು ಬಾತುಕೊಂಡು ಬಳೆಗಳು ಮಾಂಸದಲ್ಲಿ ಕೂತಿದ್ದವು. ಗ್ಲೌಸ್ ಹಾಕಿ ತೊಳೆದು ಪಟ್ಟಿ ಕಟ್ಟಿದೆ.

ದೊಡ್ಡಾಸ್ಪತ್ರೆಗೆ ಕಳಿಸಲು ಚೀಟಿ ಬೇಕು, ಚೀಟಿ ಬರುವುದು ಆ್ಯಪಿನಿಂದ. ಹೆಸರು ಹಾಕಿದೆ. ಅದು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಿತು: ಈ ಫಲಾನುಭವಿಯ ತಪಾಸಣೆ ಪೂರ್ಣಗೊಂಡಿದೆ, ಯಾವುದೇ ದೋಷ ಕಂಡುಬಂದಿಲ್ಲ, ಮುಂದಿನ ತಪಾಸಣೆ ಐದು ವರ್ಷಗಳ ನಂತರ. ಮತ್ತೆ ಹಾಕಿದೆ. ಮತ್ತೆ ಅದೇ. ನನ್ನ ಹಸಿರು ನನ್ನ ಮುಖಕ್ಕೇ ಬಾಗಿಲು ಹಾಕಿತ್ತು.

ತಾಲೂಕಿಗೆ ಫೋನು ಮಾಡಿದಾಗ, ಹಸಿರನ್ನು ತೆಗೆಯಲು ಬರುತ್ತದೆ, ಆದರೆ ಒತ್ತಿದವರು ತಪ್ಪು ಮಾಹಿತಿ ಹಾಕಿದ್ದೇನೆ ಎಂದು ಕೈಬರಹದಲ್ಲಿ ಬರೆದು ಸಹಿ ಮಾಡಿ ಕೊಡಬೇಕು ಅಂದರು. ನನ್ನ ಗೆಳತಿ, ಪಕ್ಕದ ಉಪಕೇಂದ್ರದ ನರ್ಸು, ಕೇಳಿ ಹೌಹಾರಿದಳು.

"ಹುಚ್ಚ ಹಿಡದೈತೇನ ನಿನಗ? ವರ್ಗಾವಣೆ ಪಟ್ಟಿ ಈ ತಿಂಗಳನ ಬರ್ತೈತಿ. ಬಿಂಕದಕಟ್ಟಿ ಕಡೆ ಜಾಗ ಖಾಲಿ ಐತಿ. ಸುಮ್ನ ಕುಂಡ್ರು. ಬಿಳಿ ಹಾಳಿ ಮ್ಯಾಲ ನಾಕ ಸಾಲ ಬರದ ಕೊಟ್ಟ ಗದಗಿಗೆ ಕಳಿಸು."

ನಾಲ್ಕು ಸಾಲು ಬರೆದು ಕಳಿಸಿದೆ. ಯಾಡಿ, ಅವಳ ಗಂಡ ಇಬ್ಬರೂ ಬಸ್ಸು ಬದಲಿಸುತ್ತ ಗದಗಿಗೆ ಹೋಗಿ, ಕಂಪ್ಯೂಟರಿನಲ್ಲಿ ಚೀಟಿ ಇಲ್ಲ, ನಿಮ್ಮ ನರ್ಸಿನ ಕಡೆಯಿಂದ ಹಾಕಿಸಿಕೊಂಡು ಬರ್ರಿ ಎನಿಸಿಕೊಂಡು ವಾಪಸು ಬಂದರು. ಯಾಡಿ "ನಾಳೆ ಹಾಕ್ತಿ ಬಾಯಿ?" ಅಂದಳು. ಹಾಕ್ತೀನಿ ಅಂದೆ. ಮರುದಿನವೂ ಅಂದೆ. ದಿನಾ ಹೋಗಿ ಹುಣ್ಣು ತೊಳೆದು ಬಂದೆ, ದಿನಾ ಬಸ್ಸಿನಲ್ಲಿ ಕೂತು ವರ್ಗಾವಣೆ ಪಟ್ಟಿ ಬಂತೇನೋ ಎಂದು ಫೋನು ನೋಡಿದೆ. ಹನ್ನೊಂದು ದಿನ. ಸರಕಾರವನ್ನು ಬೈಯುವುದರಲ್ಲಿ ನನಗೆ ಒಳ್ಳೆಯ ರೂಢಿಯಿದೆ, ಆದರೆ ಈ ಹನ್ನೊಂದು ದಿನ ಸರಕಾರದವಲ್ಲ, ನನ್ನವು.

ಹನ್ನೆರಡನೆಯ ದಿನ ಬರೆದುಕೊಟ್ಟೆ. ಮುಟ್ಟಿ ನೋಡದೆ, ನೋಡಿದ್ದೇನೆ ಎಂದು ಒತ್ತಿದೆ. ಅಷ್ಟೇ ಬರೆದೆ. ತಾಲೂಕಿನ ಸಾಹೇಬರು ಓದಿ, ಕನ್ನಡಕ ತೆಗೆದು, ನನ್ನ ಕಡೆ ಕನಿಕರದಿಂದ ನೋಡಿದರು.

"ಎಲ್ಲಾರೂ ಹಂಗ ಮಾಡಿರ್ತಾರ್ರೀ ಸಿಸ್ಟರ್. ನೀವೊಬ್ರ ಯಾಕ ಬರದ ಕೊಡಾಕ ಹತ್ತೀರಿ? ನಮ್ಮ ತಾಲೂಕಿನ ಪರ್ಸೆಂಟೇಜ್ ಕೆಡತೈತಿ."

"ಆಕಿ ಎದಿ ಕೊಳತೈತ್ರಿ ಸಾಹೇಬ್ರ" ಅಂದೆ. ಪಕ್ಕದಲ್ಲಿ ಕೂತ ಹುಡುಗಿ ಎರಡು ನಿಮಿಷದಲ್ಲಿ ಚೌಕವನ್ನು ಬೂದು ಮಾಡಿದಳು. ಮೂರನೆಯ ದಿನಕ್ಕೆ ನನಗೆ ನೋಟಿಸು ಬಂತು. ಇಡೀ ಪ್ರಕರಣದಲ್ಲಿ ವಿಳಂಬವಿಲ್ಲದೆ ತಲುಪಿದ್ದು ಅದೊಂದೇ. ವರ್ಗಾವಣೆ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರು ಇರಲಿಲ್ಲ, ಗೆಳತಿಯ ಹೆಸರು ಇತ್ತು. ಇರಲಿ ಬಿಡಿ, ಅವಳೂ ಪಾಪದವಳು.

ಗದಗಿನಿಂದ ಹುಬ್ಬಳ್ಳಿಗೆ ಕಳಿಸಿದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಅಲ್ಲಿ ಫಾರಂ ತುಂಬುವಾಕೆ, ಬುಡಕಟ್ಟಿನ ಹೆಂಗಸರಿಗೆ ಬೇರೆ ಸವಲತ್ತು ಇದೆ, ಇವರು ಪರಿಶಿಷ್ಟ ಪಂಗಡವೇ ಎಂದು ಕೇಳಿದಳು. ಅಲ್ಲ, ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಕ್ಕದ ರಾಜ್ಯಕ್ಕೆ ಹೋದರೆ ಪಂಗಡ ಅಂದೆ. ಹಾಗಿದ್ದರೆ ಬರುವುದಿಲ್ಲ ಎಂದು ಗೆರೆ ಎಳೆದಳು. ಗದಗಿನ ಮೈದಾನದಲ್ಲಿ ಬುಡಕಟ್ಟು, ಹುಬ್ಬಳ್ಳಿಯ ಫಾರಮ್ಮಿನಲ್ಲಿ ಅಲ್ಲ. ಯಾಡಿಯ ಎದೆಯ ಗಂಟಿಗೆ ಈ ಭೇದ ತಿಳಿದಿದ್ದಂತೆ ಕಾಣಲಿಲ್ಲ.

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ಅಡ್ಡಿ ಬಂದದ್ದು ಬಳೆ. ಎಡತೋಳಿನ ಮೇಲೆ ಏನೂ ಇರಬಾರದು, ಮುಂದೆ ಆಪರೇಷನ್ನಿಗಂತೂ ಇರಲೇಬಾರದು ಎಂದು ಅಲ್ಲಿನ ಹುಡುಗ ಹೇಳಿ, ಬಾತ ತೋಳು ನೋಡಿ, ಬಳೆ ಕತ್ತರಿಸಲು ಕಟರ್ ತೆಗೆದ. ಯಾಡಿ ಎದ್ದು ನಿಂತಳು.

"ನನ್ನ ಗಂಡ ಹೊರಗ ಕುಂತಾನ. ಜೀವಂತ ಅದಾನ. ಹೋಗಿ ನೋಡ್ಕೊಂಡ ಬಾ."

"ಅಜ್ಜೀ, ಬಳಿ ದೊಡ್ಡೂವೋ ಜೀವ ದೊಡ್ಡದೋ?"

"ಯಾರ ಜೀವ?" ಎಂದು ಕೇಳಿ ಅವಳು ಹೊರಗೆ ನಡೆದುಬಿಟ್ಟಳು. ಅವತ್ತೇ ಮೂವರೂ ವಾಪಸು. ಹಾಳೆಯಲ್ಲಿ "ರೋಗಿ ಚಿಕಿತ್ಸೆ ನಿರಾಕರಿಸಿದ್ದಾರೆ" ಎಂದು ಬರೆದರು. ಅಲ್ಲಿ ಬರೆಯಲು ಅದೊಂದೇ ಸಾಲು ಛಾಪಿಸಿತ್ತು. ಬಳೆಯ ಮಾತು ಬರೆಯಲು ಜಾಗವಿರಲಿಲ್ಲ.

ಮೂರು ವಾರ ನಾನು ತಾಂಡಾಕ್ಕೆ ಹೋಗಿ ಬೇಡಿದೆ, ಹೆದರಿಸಿದೆ, ಒಮ್ಮೆ ಅತ್ತೂ ಬಿಟ್ಟೆ. ಅವಳು ಕಲ್ಲು. ಕಡೆಗೆ ಬಾಯಿ ಬಿಟ್ಟವನು ಆ ಬೀಡಿ ಮುದುಕ. ತಾಂಡಾದ ನಾಯಕನನ್ನೂ ಹಿರಿಯರನ್ನೂ ಮರಿಯಮ್ಮನ ಗುಡಿಯ ಮುಂದೆ ಕೂಡಿಸಿ, ಎಲ್ಲರ ಎದುರಿಗೆ ಹೇಳಿದ:

"ನಾ ಹಾಕಿದ ಬಳಿ ನಾನ ತಗೀತೀನಿ. ತಗದು ನನ್ನ ಕೈಯಾಗ ಹಾಕ್ಕೊಂತೀನಿ. ಬಳಿ ನನ್ನ ಕೈಯಾಗ ಐತಿ ಅಂದ್ರ ನಾ ಅದೀನಿ ಅಂತ ತಿಳ್ಕೋರಿ. ನಾ ಸತ್ತ ದಿನ ಒಡೀರಿ. ಅಲ್ಲೀತನಕ ಆಕಿನ್ನ ಯಾರೂ ರಂಡಿ ಅನಬಾರ್ದು."

ಯಾರೋ ನಕ್ಕರು. ನಾಯಕ ನಗಲಿಲ್ಲ, ಆತು ಅಂದ. ಯಾಡಿ ಬಂದು ಗಂಡನ ಮುಂದೆ ಕೂತು ತೋಳು ಚಾಚಿದಳು.

ಬಾತ ಬೆರಳಿನಿಂದ ಉಂಗುರ ತೆಗೆಯಲು ದಾರ ಸುತ್ತುವುದನ್ನು ನನಗೆ ನರ್ಸಿಂಗಿನಲ್ಲಿ ಕಲಿಸಿದ್ದರು. ತೋಳಿಗೂ ಅದೇ ಮಾಡಿದೆವು. ಬಾವು ಇಳಿಯಲೆಂದು ಮೊದಲು ಕೈ ಎತ್ತಿ ಹಗ್ಗಕ್ಕೆ ತೂಗುಹಾಕಿದೆ, ಕೆಳಗಿಂದ ಬ್ಯಾಂಡೇಜು ಬಿಗಿದೆ. ಸೊಸೆ ಕಸೂತಿಯ ದಾರದ ಉಂಡೆ ತಂದು ಒಂದೊಂದೇ ಬಳೆಯ ಕೆಳಗೆ ಬಿಗಿಯಾಗಿ ಸುತ್ತುತ್ತ ಹೋದಳು, ಮುದುಕ ಔಡಲೆಣ್ಣೆ ಹಚ್ಚಿ ಬಳೆ ಜಾರಿಸುತ್ತ ಬಂದ. ಪ್ರತಿ ಬಳೆಗೂ ಯಾಡಿ ಹಲ್ಲು ಕಚ್ಚಿದಳು. ಪ್ರತಿ ಬಳೆಯನ್ನೂ ಅವನು ತನ್ನ ತೆಳ್ಳನೆಯ ತೋಳಿಗೆ ಏರಿಸಿಕೊಂಡ. ಮೂರು ತಾಸು ಹಿಡಿಯಿತು. ಒಂದೂ ಒಡೆಯಲಿಲ್ಲ.

ಆಮೇಲೆ ಹುಬ್ಬಳ್ಳಿಯ ಆ ಆಸ್ಪತ್ರೆಯ ಪಡಸಾಲೆಯಲ್ಲಿ ಎಡತೋಳಿನ ತುಂಬ ಹೆಂಗಸಿನ ಬಳೆ ಹಾಕಿಕೊಂಡ ಮುದುಕ ವಾರಗಟ್ಟಲೆ ಕೂತಿದ್ದ. ಕಾವಲಿನವರು ಚೇಷ್ಟೆ ಮಾಡಿದರು, ಯಾರೋ ಫೋನಿನಲ್ಲಿ ವಿಡಿಯೋ ತೆಗೆದರು. ಅವನು ಬೀಡಿ ಸೇದಲು ಹೊರಗೆ ಹೋಗುವಾಗ ಮಾತ್ರ ಅಂಗಿಯ ತೋಳು ಇಳಿಸಿಕೊಳ್ಳುತ್ತಿದ್ದ, ಕಿಡಿ ಬಿದ್ದು ಬಳೆ ಸುಟ್ಟೀತೆಂದು. ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಔಷಧಿ ಕೊಟ್ಟು ಆಪರೇಷನ್ ಮಾಡುತ್ತೇವೆ, ಆದರೆ ಎಲುಬಿಗೆ ಇಳಿದಿದೆ, ಒಂದು ವರ್ಷ ಮೊದಲೇ ತಂದಿದ್ದರೆ ಉಳಿಯುತ್ತಿದ್ದಳು ಅಂದರು. ಒಂದು ವರ್ಷದ ಹಿಂದೆ ನಾನು ಅವಳ ಕಟ್ಟೆಯ ಕೆಳಗೆ ಫೋನು ಹಿಡಿದು ನಿಂತಿದ್ದೆ.

ಆಪರೇಷನ್ ಆಗಿ ಅವಳು ತಾಂಡಾಕ್ಕೆ ಬಂದ ಮೇಲೆ ಪಟ್ಟಿ ಬದಲಿಸಲು ನಾನೇ ಹೋಗುತ್ತಿದ್ದೆ, ಸಂಜೆಯ ಹೊತ್ತು, ಬಾಗಿಲು ಹಾಕಿಕೊಂಡು. ಮೊದಮೊದಲು ಗ್ಲೌಸ್ ಹಾಕುತ್ತಿದ್ದೆ. ಹುಣ್ಣು ಒಣಗಿದ ಮೇಲೆ ಬರಿಗೈಯಿಂದಲೇ ಎಣ್ಣೆ ಹಚ್ಚಿ ತೋಳು ನೀವುತ್ತಿದ್ದೆ. ಒಂದು ಸಂಜೆ ಅವಳು ನನ್ನ ಕೈಯನ್ನೇ ನೋಡುತ್ತ ಹೇಳಿದಳು.

"ಆವತ್ತ ಬಂದು ಕೇಳಿದ್ದೆಲಾ, ಗಂಟು ಐತೇನ ಅಂತ. ಆವಾಗ ಇತ್ತು. ಬಾರಿಹಣ್ಣಿನಷ್ಟ ಇತ್ತು."

"ಮತ್ತ ಯಾಕ ಇಲ್ಲ ಅಂದಿ ಯಾಡಿ?"

"ಐತಿ ಅಂದ್ರ ನೀ ಮುಟ್ಟಿ ನೋಡಬೇಕಾಗ್ತಿತ್ತು. ನೀ ನಮ್ಮ ಮನಿ ಚಾ ಕುಡಿಯಾಕಿ ಅಲ್ಲ. ನನ್ನ ಎದಿ ಹೆಂಗ ಮುಟ್ಟತಿ? ಸುಮ್ನ ನಿನಗ್ಯಾಕ ಸಂಕಟ ಅಂತ ಇಲ್ಲ ಅಂದೆ."

ಅವರು ಸೆರಗು ಸರಿಸುವ ಜನ ಅಲ್ಲ, ನಾಚುತ್ತಾರೆ, ಮುಟ್ಟಿಸಿಕೊಳ್ಳುವುದಿಲ್ಲ ಎಂದು ನಾನು ಎಷ್ಟು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದೆ!

"ಯಾಡಿ, ಚಾ ಮಾಡಸು" ಅಂದೆ. ಸೊಸೆ ತಂದಳು. ಸಕ್ಕರೆ ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಆಮೇಲೆ ಅವಳು ಐದು ತಿಂಗಳು ಬದುಕಿದ್ದಳು. ಈ ಐದು ತಿಂಗಳಲ್ಲಿ ಟಂಟಂ ಹತ್ತುವ ಹೆಂಗಸರನ್ನೆಲ್ಲ ಸಂಜೆ ಒಬ್ಬೊಬ್ಬರನ್ನೇ ಅವಳ ಮನೆಯ ಒಳಕೋಣೆಗೆ ಕರೆಸಿ ನಿಜವಾಗಿ ನೋಡಿದೆ. ಬಾಗಿಲ ಬಳಿ ಕೂತು "ಹೋಗ, ಮುಟ್ಟತಾಳ ಆಕಿ, ಹೋಗ" ಎಂದು ಗದರಿಸಿ ಒಳಗೆ ಕಳಿಸುತ್ತಿದ್ದವಳು ಯಾಡಿಯೇ. ಕಚೇರಿಯ ವೇಳೆಯ ನಂತರ ನೋಡಿದ್ದನ್ನು ಆ್ಯಪ್ ತೆಗೆದುಕೊಳ್ಳುವುದಿಲ್ಲ, ಅವರ ಹಳೆಯ ಹಸಿರನ್ನೂ ನಾನು ಬರೆದುಕೊಟ್ಟು ತೆಗೆಸಿದ್ದೆ, ಹಾಗಾಗಿ ನಮ್ಮ ತಾಂಡಾ ಬಹಳ ದಿನ ಬೂದಾಗಿಯೇ ಉಳಿಯಿತು. ಸೋಮವಾರದ ಫೋನನ್ನು ನಾನು ಎತ್ತುವುದು ಬಿಟ್ಟೆ.

ಅವಳು ಹೋದ ದಿನ ಬೆಳಿಗ್ಗೆಯೇ ಖಬರ ಬಂತು. ನಾನು ಹೋಗುವಷ್ಟರಲ್ಲಿ ಹೆಂಗಸರು ಮೈ ತೊಳೆದು ಹೊಸ ಫೇಟಿಯಾ ಉಡಿಸಿದ್ದರು. ಮುದುಕ ಪಕ್ಕದಲ್ಲಿ ಕೂತು ತನ್ನ ತೋಳಿನಿಂದ ಒಂದೊಂದೇ ಬಳೆ ಇಳಿಸಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ. ಗಂಡ ಇರುವಾಗಲೇ ಹೋದವಳು, ಬಳೆ ತೊಟ್ಟೇ ಹೋಗಬೇಕು.

"ನೀ ಹಾಕ ಬಾಯಿ" ಎಂದು ಬಳೆಗಳನ್ನು ನನ್ನ ಕಡೆ ಸರಿಸಿದ. "ನಿನ್ನ ಕೈ ಆಕಿಗೆ ರೂಢಿ ಆಗಿತ್ತು."

ಎಡಗೈ ಎತ್ತಿಕೊಂಡೆ. ಎಣ್ಣೆ ಬೇಕಾಗಲಿಲ್ಲ, ದಾರ ಬೇಕಾಗಲಿಲ್ಲ. ತೋಳು ಅಷ್ಟು ಸಣ್ಣಗಾಗಿತ್ತು. ಮೊದಲನೆಯ ಬಳೆ ಭುಜದವರೆಗೆ ಎಲ್ಲೂ ತಡೆಯದೆ ಹೋಯಿತು. ಉಳಿದವೂ ಹಾಗೇ ಹೋದವು.